ಕರೆಂಟ್ ಹೋದ ರಾತ್ರಿ ನಾನು ಕಡಿಮೆ ಸೋತಿದ್ದೆ

ದುಡ್ಡಿಟ್ಟು ಆಡುವ ಇಸ್ಪೀಟಾಟ ಪೋಕರ್, ನಮ್ಮ ಶನಿವಾರದ ಆ ಆಟದ ಲೆಕ್ಕವೆಲ್ಲ ಒಂದು ಹಳೆಯ ಚೆಕ್‌ರೋಲ್ ಪುಸ್ತಕದಲ್ಲಿದೆ. ತೋಟದಲ್ಲಿ ರೈಟರ್ ಹಾಜರಿ ಬರೆಯುವ ಉದ್ದನೆಯ ಪುಸ್ತಕ ಇದೆಯಲ್ಲ, ಅದೇ. ಹೆಸರಿನ ಸಾಲಿನಲ್ಲಿ ನಾವು ಆರು ಜನ, ತಾರೀಖಿನ ಜಾಗದಲ್ಲಿ ಶನಿವಾರಗಳು, ಹಾಜರಿ ಹಾಕುವ ಚೌಕದೊಳಗೆ ಗೆದ್ದಿದ್ದು ಅಥವಾ ಸೋತಿದ್ದು. ನನ್ನ ಸಾಲಿನ ಕೆಳಗೆ ನಾನು ಇನ್ನೊಂದನ್ನೂ ಬರೆದುಕೊಳ್ಳುತ್ತಿದ್ದೆ, ಎಷ್ಟು ಗಂಟೆಗೆ ಆಟದಿಂದ ಎದ್ದೆ ಅಂತ. ಮನೆಯಲ್ಲಿ ಕೇಳುತ್ತಾರೆ, ಅದಕ್ಕೆ.

ಹೋದ ಮಳೆಗಾಲದಲ್ಲಿ ತೋಟಕ್ಕೆ ಕಾಲಿಡಲಾಗದ ಒಂದು ಮಧ್ಯಾಹ್ನ ಆ ಪುಸ್ತಕವನ್ನು ಸುಮ್ನೆ ತಿರುವಿ ಹಾಕಿದೆ. ಗೆದ್ದ ರಾತ್ರಿಗಳಲ್ಲಿ ಹೆಚ್ಚಾಗಿ ಹತ್ತೂವರೆ, ಹನ್ನೊಂದಕ್ಕೇ ಎದ್ದಿದ್ದೇನೆ. ಸೋತ ರಾತ್ರಿಗಳಲ್ಲಿ ಒಂದೂವರೆ, ಎರಡು. ಒಂದು ಕಡೆ ಮೂರೂ ಕಾಲು ಅಂತಿದೆ, ಅವತ್ತಿನ ಮೊತ್ತ ಇಲ್ಲಿ ಬೇಡ. ಅಲ್ಲಲ್ಲಿ ಪೆನ್ಸಿಲಿನಲ್ಲಿ 'ಕ.ಹೋ.' ಅಂತ ಬರೆದಿದೆ. ಕರೆಂಟ್ ಹೋಯ್ತು ಅಂತ. ಜೂನ್, ಜುಲೈಯಲ್ಲಿ ನಮ್ಮ ಪೊನ್ನಂಪೇಟೆ ಕಡೆ ಗಾಳಿಗೆ ಒಂದು ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಮುಗಿಯಿತು, ಆಟ ಅಲ್ಲಿಗೇ ಬರ್ಖಾಸ್ತು. ಗೆಲ್ಲುತ್ತಿರಲಿ, ಸೋಲುತ್ತಿರಲಿ, ಎಲ್ಲರೂ ಟಾರ್ಚ್ ಹಿಡಿದು ಮನೆಗೆ. ಆ ಕ.ಹೋ. ರಾತ್ರಿಗಳಲ್ಲಿ ನಾನು ಸೋತಿರುವುದು ಬಹಳ ಕಡಿಮೆ.

ಇದು ಲಕ್ಕಾ? ಅವತ್ತಿಂದ ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಅಷ್ಟರಲ್ಲಿ ದೇಶದಲ್ಲೂ ಇದೇ ವಿಷಯ ಬೇರೆ ರೂಪದಲ್ಲಿ ಬಂತು. 2025ರ ಆಗಸ್ಟ್ 20ಕ್ಕೆ ಲೋಕಸಭೆ, ಮರುದಿನ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನದಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಬಂದಿತು. ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಯಾವುದೂ ಉಳಿಯಲಿಲ್ಲ. ದೊಡ್ಡ ಕಂಪನಿಗಳು ಕೆಲವೇ ದಿನಗಳಲ್ಲಿ ದುಡ್ಡಿನ ಆಟ ನಿಲ್ಲಿಸಿದವು. ಯಾವಾಗ ಏಳಬೇಕು ಅಂತ ಗೊತ್ತಾಗದೆ ಕೂತಿದ್ದ ಲಕ್ಷಾಂತರ ಜನರಿಗೆ ದಿಲ್ಲಿಯಿಂದಲೇ ಕರೆಂಟ್ ತೆಗೆದ ಹಾಗಾಯಿತು.

ಕಾನೂನಿನ ಕಥೆ ಆಮೇಲೆ. ಮೊದಲು ಇಸ್ಪೀಟ್ ಎಲೆಗಳ ಕಥೆ.

ನಮ್ಮ ಮೇಜಿನಲ್ಲಿ ಮೂರು ಮಾತು ಸದಾ ಕೇಳುತ್ತದೆ. "ಗೆಲ್ತಾ ಇದ್ದೀಯ ಮಾರಾಯ, ಎದ್ದುಬಿಡು, ಲಕ್ ಮುಗಿಯೋ ಮೊದಲು" ಅನ್ನುವುದು ಒಂದು. "ಕೈ ಕುದುರಿದೆ, ಈಗ ಬಿಡಬೇಡ" ಇನ್ನೊಂದು. "ಇಷ್ಟು ಸೋತಾಯ್ತು, ಇನ್ನು ಬರಲೇಬೇಕು" ಮೂರನೆಯದು. ಮಜಾ ಏನೆಂದರೆ ಒಂದೇ ರಾತ್ರಿ ಒಬ್ಬನೇ ಈ ಮೂರನ್ನೂ ಹೇಳುತ್ತಾನೆ, ಮತ್ತು ಆ ಹೊತ್ತಿಗೆ ಮೂರೂ ಅವನಿಗೆ ಅನುಭವದ ಮಾತು.

ಒಂದು ನಾಣ್ಯ ತಗೊಳ್ಳಿ. ನೂರು ಸಲ ಚಿಮ್ಮಿ ಬರೆದಿಡಿ. ಸತತ ಆರು ಸಲ ಒಂದೇ ಮುಖ ಎಲ್ಲಾದರೂ ಬರುವ ಸಾಧ್ಯತೆ ಸುಮಾರು ಶೇ 80. ಅದೇ ನೂರು ಚಿಮ್ಮುವಿಕೆಯನ್ನು ಮಕ್ಕಳಿಗೆ ಮನಸ್ಸಿನಲ್ಲೇ ಊಹಿಸಿ ಬರೆಯಲು ಹೇಳಿ, ಹೆಚ್ಚಿನವರು ಮೂರು, ನಾಲ್ಕಕ್ಕಿಂತ ಮುಂದೆ ಒಂದೇ ಮುಖ ಬರೆಯುವುದಿಲ್ಲ. ಅಷ್ಟು ಉದ್ದ ಬಂದರೆ ಅದು ಸುಳ್ಳು ಅಂತ ನಮ್ಮ ತಲೆ ಮೊದಲೇ ತೀರ್ಮಾನಿಸಿರುತ್ತದೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಕ್ಯಾಸಿನೋದ ರೂಲೆಟ್ ಚಕ್ರದಲ್ಲಿ ಕಪ್ಪು ಸತತ 26 ಸಲ ಬಂತು. ಇನ್ನು ಕೆಂಪು ಬರಲೇಬೇಕು ಅಂತ ಜನ ಮುಗಿಬಿದ್ದು ಕೆಂಪಿನ ಮೇಲೆ ಕಟ್ಟಿ ಕೈ ಸುಟ್ಟುಕೊಂಡರು. ನಮ್ಮ ಮೂರನೆಯ ಮಾತು, "ಬರಲೇಬೇಕು" ಅನ್ನುವುದು, ಆವತ್ತು ಅಲ್ಲಿಯೂ ಕೇಳಿರುತ್ತದೆ, ಫ್ರೆಂಚಿನಲ್ಲಿ.

ಪೋಕರಿಗೆ ಬನ್ನಿ. ಮೊದಲು ಕೈಗೆ ಬೀಳುವುದು ಎರಡೇ ಎಲೆ, ಉಳಿದವು ಆಮೇಲೆ ಎಲ್ಲರಿಗೂ ಸೇರಿ ಮೇಜಿನ ಮೇಲೆ. ಆ ಎರಡರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಎಕ್ಕದ ಜೋಡಿ. ಎರಡು ಎಕ್ಕ ಕೈಗೆ ಬರುವುದು 221 ಆಟಕ್ಕೆ ಒಮ್ಮೆ. ಮನೆಯ ಮೇಜಿನಲ್ಲಿ ಗಂಟೆಗೆ ಹೆಚ್ಚೆಂದರೆ 25 ಆಟ ನಡೆಯುತ್ತದೆ, ಐದು ಗಂಟೆ ಕೂತರೆ 125. ಲೆಕ್ಕ ಹಾಕಿದರೆ ನೂರು ಶನಿವಾರದಲ್ಲಿ ಸುಮಾರು 57 ಶನಿವಾರ ಎಕ್ಕದ ಜೋಡಿಯನ್ನು ನೋಡದೆಯೇ ಮನೆಗೆ ಹೋಗಬೇಕು. "ಇವತ್ತು ಎಲೆನೇ ಬೀಳ್ತಿಲ್ಲ" ಅಂತ ಗೊಣಗುವ ರಾತ್ರಿಯೇ ಮಾಮೂಲಿ ರಾತ್ರಿ. ಹೇಗೋ ಬಂದವು ಅಂದುಕೊಳ್ಳಿ, ಎದುರಿನವನ ಕೈಯಲ್ಲಿ ಎರಡು ರಾಜ, ಇಬ್ಬರೂ ಇದ್ದಬದ್ದದ್ದೆಲ್ಲ ಇಟ್ಟಿರಿ. ಆಗಲೂ ನೀವು ಗೆಲ್ಲುವುದು ನೂರಕ್ಕೆ 82 ಸಲ. ಐದೂವರೆ ಸಲಕ್ಕೆ ಒಂದು ಸಲ ರಾಜ ಎಕ್ಕವನ್ನು ಹೊಡೆಯುತ್ತಾನೆ. ಅವನು ಚಿಪ್ಸ್ (ದುಡ್ಡಿನ ಬದಲು ಇಡುವ ಬಿಲ್ಲೆ) ಬಾಚಿಕೊಳ್ಳುವಾಗ ಆ 82 ಯಾರಿಗೂ ಸಮಾಧಾನ ಕೊಟ್ಟಿದ್ದು ನಾನು ಕಂಡಿಲ್ಲ.

ಇನ್ನೊಂದು ಲೆಕ್ಕ ಕೇಳಿ, ಇದನ್ನು ಮಾಡಿದ ಮೇಲೆ ನನ್ನ ಅಹಂಕಾರ ಅರ್ಧ ಇಳಿಯಿತು. ನಮ್ಮಲ್ಲಿ ಬಿಗ್ ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಒಬ್ಬ ಇಡಬೇಕಾದ ಪಣ, 10 ರೂಪಾಯಿ. ಚೆನ್ನಾಗಿ ಆಡುವವನೊಬ್ಬ ನೂರು ಆಟಕ್ಕೆ ಸರಾಸರಿ ಐದು ಬಿಗ್ ಬ್ಲೈಂಡ್ ಗೆಲ್ಲುತ್ತಾನೆ ಅಂದುಕೊಳ್ಳೋಣ, ಅದು ಒಳ್ಳೆಯ ಆಟಗಾರನ ಲೆಕ್ಕವೇ. ಅಂದರೆ ಒಂದು ರಾತ್ರಿಗೆ ಅವನ ಜಾಣತನದ ಬೆಲೆ ಸುಮಾರು 60 ರೂಪಾಯಿ. ಆದರೆ ಅದೇ ರಾತ್ರಿ ಎಲೆ ಬೀಳುವ ರೀತಿಯಿಂದಲೇ ಅವನ ಮೊತ್ತ ಸಾವಿರ ರೂಪಾಯಿ ಆಚೆ ಈಚೆ ಹೋಗುವುದು ತೀರಾ ಸಾಮಾನ್ಯ. ಅರವತ್ತಕ್ಕೂ ಸಾವಿರಕ್ಕೂ ಏನು ಸಾಟಿ? ಒಂದು ಶನಿವಾರ ಅವನು ಗೆದ್ದು ಏಳುವ ಸಾಧ್ಯತೆ ನೂರಕ್ಕೆ 52, 53. ನಾಣ್ಯಕ್ಕಿಂತ ಒಂದೆಳೆ ಮೇಲೆ, ಅಷ್ಟೇ. ವಾರಕ್ಕೊಂದು ರಾತ್ರಿಯಂತೆ ಒಂದೂವರೆ ವರ್ಷ ಆಡಿದರೆ ಹತ್ತು ಸಾವಿರ ಆಟ ಆಗುತ್ತದೆ. ಆಗಲೂ ಈ ಒಳ್ಳೆಯ ಆಟಗಾರ ಒಟ್ಟಾರೆ ನಷ್ಟದಲ್ಲೇ ಇರುವ ಸಾಧ್ಯತೆ ಸುಮಾರು ಶೇ 29. ಆ ಅವಧಿಯಲ್ಲಿ ಸತತ ಐದು ಶನಿವಾರ ಸೋಲು ಒಮ್ಮೆಯಾದರೂ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಇದನ್ನೇ ತಿರುಗಿಸಿ ನೋಡಿ. ಅಷ್ಟೇ ಪ್ರಮಾಣದಲ್ಲಿ ಕೆಟ್ಟದಾಗಿ ಆಡುವವನೂ ಒಂದೂವರೆ ವರ್ಷದ ಕೊನೆಗೆ ಲಾಭದಲ್ಲಿರುವ ಸಾಧ್ಯತೆ ಅದೇ ಶೇ 29. ಅಂಥವನೊಬ್ಬ ಪ್ರತಿ ಮೇಜಿನಲ್ಲೂ ಇರುತ್ತಾನೆ, ಎಲ್ಲರಿಗೂ ಪಾಠ ಹೇಳುವವನು ಅವನೇ.

ಹಾಗಂತ ಸಾಲು ಸಾಲಾಗಿ ಬರುವುದೆಲ್ಲ ಬರೀ ಕಾಕತಾಳೀಯ ಅಂತ ಕೊಡಗಿನಲ್ಲಿ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿಯಿತು. 2019ರ ಆಗಸ್ಟಿನಲ್ಲಿ ತೋರ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷ, ಮೂರು ಆಗಸ್ಟ್. ಈಗಲೂ ಜುಲೈ ಕೊನೆಯಲ್ಲಿ ಮಳೆಯ ಇಂಚು, ಸೆಂಟು ಬರೆಯುವಾಗ ನಮ್ಮಪ್ಪನ ಕೈ ಒಂದು ಕ್ಷಣ ನಿಲ್ಲುತ್ತದೆ. ಅದು ಮೂಢನಂಬಿಕೆ ಅಲ್ಲ. ನೆನೆದ ಮಣ್ಣು ನೆನೆದೇ ಇರುತ್ತದೆ, ಕಡಿದ ಗುಡ್ಡ ಕಡಿದೇ ಇರುತ್ತದೆ, ನಿನ್ನೆಯ ಮಳೆ ಇವತ್ತಿನ ಮಳೆಗೆ ಸೇರುತ್ತದೆ. ಆದರೆ ಕಲಸಿದ ಐವತ್ತೆರಡು ಎಲೆಗೆ ನಿನ್ನೆ ಅನ್ನುವುದೇ ಇಲ್ಲ. ಸಾಲು ಕಂಡಾಗ ನಾವು ಕೇಳಬೇಕಾದದ್ದು ಇಷ್ಟೇ: ಇದರ ಹಿಂದೆ ಏನಾದರೂ ಸೇರಿಕೊಳ್ಳುತ್ತಾ ಬಂದಿದೆಯಾ?

ಆಟಗಾರನೊಳಗೆ ಸೇರಿಕೊಳ್ಳುತ್ತದೆಯೇ ಅನ್ನುವುದು ಸ್ವಲ್ಪ ಕಷ್ಟದ ಪ್ರಶ್ನೆ. ಕೊಡವ ಕುಟುಂಬಗಳ ಹಾಕಿ ನೋಡಿದವರಿಗೆ ಗೊತ್ತು, ಎರಡು ಗೋಲು ಹೊಡೆದ ಹುಡುಗನಿಗೇ ಎಲ್ಲರೂ ಚೆಂಡು ಕೊಡುತ್ತಾರೆ. ಇವತ್ತು ಅವನ ದಿನ ಅಂತ. ಇದನ್ನು 1985ರಲ್ಲಿ ಗಿಲೊವಿಚ್, ವಲೋನ್, ಟ್ವೆರ್ಸ್ಕಿ ಅನ್ನುವ ಮೂವರು ಬಾಸ್ಕೆಟ್‌ಬಾಲ್‌ನಲ್ಲಿ ಪರೀಕ್ಷಿಸಿ, ಅದು ಬರೀ ನಮ್ಮ ಕಣ್ಣಿನ ಭ್ರಮೆ ಅಂದರು. ಮೂವತ್ತು ವರ್ಷ ಎಲ್ಲರೂ ಅದನ್ನೇ ಪಾಠ ಮಾಡಿದರು. ಆಮೇಲೆ ಮಿಲ್ಲರ್ ಮತ್ತು ಸಂಜುರ್ಹೊ ಅನ್ನುವ ಇಬ್ಬರು, 2018ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಆ ಲೆಕ್ಕದಲ್ಲೇ ಒಂದು ಸಣ್ಣ ತೂತು ತೋರಿಸಿದರು. ನಾಣ್ಯವನ್ನು ಮೂರು ಸಲ ಚಿಮ್ಮಿ, ತಲೆ ಬಿದ್ದ ತಕ್ಷಣದ ಮುಂದಿನ ಸಲವೂ ತಲೆ ಬಿದ್ದದ್ದು ಶೇಕಡ ಎಷ್ಟು ಅಂತ ಪ್ರತಿ ಮೂರರ ಕಂತಿಗೂ ಲೆಕ್ಕ ಹಾಕಿ, ಆ ಕಂತುಗಳ ಸರಾಸರಿ ತೆಗೆದರೆ 50 ಬರುವುದಿಲ್ಲ, ಸುಮಾರು 42 ಬರುತ್ತದೆ. ನಂಬಿಕೆ ಇಲ್ಲದಿದ್ದರೆ ಎಂಟೇ ಎಂಟು ಸಾಧ್ಯತೆ ಇರುವುದು, ಮೊದಲ ಎರಡು ಸಲ ತಲೆಯೇ ಬೀಳದ ಎರಡನ್ನು ಬಿಟ್ಟು ಕಾಗದದಲ್ಲಿ ಬರೆದು ನೋಡಿ, ನಾನೂ ಮೊದಲು ನಂಬಿರಲಿಲ್ಲ. ಈ ತೂತು ಮುಚ್ಚಿ ನೋಡಿದರೆ ಆಟಗಾರನ ಕೈ ನಿಜಕ್ಕೂ ಕುದುರುವುದುಂಟು ಅಂತ ಹಳೆಯ ಅಂಕಿಗಳೇ ಹೇಳುತ್ತವೆ.

ಅಂದರೆ ಪೋಕರ್ ಮೇಜಿನಲ್ಲಿ ಎರಡು ಬಗೆಯ ವಸ್ತು ಇದೆ. ಎಲೆ ಕುದುರುವುದಿಲ್ಲ, ಆಡುವವನು ಕುದುರಬಹುದು. ಮತ್ತು ಕೆಡಬಹುದು, ಇದು ಜಾಸ್ತಿ.

ಕೆಡುವುದರ ಬಗ್ಗೆ ಕೈತುಂಬ ಅಧ್ಯಯನ ಇದೆ. 1979ರಲ್ಲಿ ಮನಶ್ಶಾಸ್ತ್ರಜ್ಞ ಕಾಹ್ನೆಮನ್ ಮತ್ತು ಅದೇ ಟ್ವೆರ್ಸ್ಕಿ ತೋರಿಸಿದ್ದು, ನಷ್ಟದಲ್ಲಿರುವಾಗ ಮನುಷ್ಯ ಸಾಮಾನ್ಯವಾಗಿ ಮುಟ್ಟದ ಅಪಾಯಕ್ಕೂ ಕೈ ಹಾಕುತ್ತಾನೆ ಅಂತ. ಸಮಾ ಆಗುವ ಆಸೆ. 2009ರಲ್ಲಿ ಆನ್‌ಲೈನ್ ಪೋಕರ್ ಆಟಗಾರರ ಆಟಗಳನ್ನು ಇಟ್ಟುಕೊಂಡು ನೋಡಿದ ಅಧ್ಯಯನದಲ್ಲೂ ದೊಡ್ಡ ಸೋಲಿನ ನಂತರ ಅವರು ಹೆಚ್ಚು ಬಿಡುಬೀಸಾಗಿ ಆಡಿದ್ದು ಕಂಡಿತು. ಪೋಕರಿನವರು ಇದಕ್ಕೆ ಟಿಲ್ಟ್ ಅನ್ನುತ್ತಾರೆ. ನಮ್ಮಲ್ಲಿ 'ತಲೆ ಕೆಟ್ಟಿದೆ, ಬಿಡು' ಅಂದರೆ ಸಾಕು.

ಇದಕ್ಕೆ ಇನ್ನೊಂದು ಸೇರಿಸಿ. 1997ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಮೇಲೆ ಒಂದು ಅಧ್ಯಯನ ಬಂತು. ಬಾಡಿಗೆ ಚೆನ್ನಾಗಿ ಸಿಗುವ ದಿನ ಅವರು ಬೇಗ ಮನೆಗೆ ಹೋಗುತ್ತಾರೆ, ಇವತ್ತಿನ ಗುರಿ ಮುಟ್ಟಿತಲ್ಲ ಅಂತ. ಗಿರಾಕಿ ಇಲ್ಲದ ದಿನ ರಾತ್ರಿವರೆಗೂ ಸುತ್ತುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ ಅಲ್ವಾ? ನನ್ನ ಚೆಕ್‌ರೋಲ್ ಪುಸ್ತಕ ಓದಿದಾಗ ನಾನು ಥೇಟ್ ಆ ಟ್ಯಾಕ್ಸಿ ಚಾಲಕ. ತಲೆ ತಂಪಾಗಿ, ಎದುರಿನವರು ತಲೆ ಕೆಡಿಸಿಕೊಂಡು ದುಡ್ಡು ಚೆಲ್ಲುತ್ತಿರುವ ರಾತ್ರಿ ಹತ್ತೂವರೆಗೆ ಎದ್ದಿದ್ದೇನೆ. ನನ್ನ ತಲೆ ಕೆಟ್ಟ ರಾತ್ರಿ ಮೂರೂ ಕಾಲು. ವರ್ಷದ ಒಟ್ಟು ಗಂಟೆಗಳಲ್ಲಿ ಜಾಸ್ತಿ ಪಾಲನ್ನು ನಾನು ಕೆಟ್ಟದಾಗಿ ಆಡುವ ಹೊತ್ತಿಗೇ ಕೊಟ್ಟಿದ್ದೇನೆ. ಕ.ಹೋ. ರಾತ್ರಿಗಳ ಗುಟ್ಟೂ ಅಲ್ಲೇ ಇದೆ. ಕೊಂಬೆ ಬೀಳುವಾಗ ನನ್ನ ಚಿಪ್ಸ್ ನೋಡಿ ಬೀಳುವುದಿಲ್ಲ.

"ಗೆದ್ದಾಗ ಏಳು" ಅನ್ನುವ ಹಿರಿಯರ ಮಾತಿಗೆ ಗಣಿತದಲ್ಲಿ ಬೆಂಬಲ ಕಡಿಮೆ. ಐನೂರು ಗೆದ್ದ ಕೂಡಲೇ ಏಳುತ್ತೇನೆ ಅಂತ ಪಣ ತೊಟ್ಟರೆ ಗೆದ್ದ ರಾತ್ರಿಗಳ ಸಂಖ್ಯೆ ಖಂಡಿತ ಏರುತ್ತದೆ. ಆದರೆ ಐನೂರರ ಹಲವು ಗೆಲುವು, ನಡುವೆ ಮೂರು ನಾಲ್ಕು ಸಾವಿರದ ಒಂದೊಂದು ಸೋಲು, ಕೂಡಿ ಕಳೆದರೆ ಸರಾಸರಿ ಅಲ್ಲೇ ಇರುತ್ತದೆ. ಯಾಕೆಂದರೆ ಮುಂದಿನ ಶನಿವಾರ ಮತ್ತೆ ಕೂರುತ್ತೀರಿ. ಎಲೆಯ ಲೆಕ್ಕದಲ್ಲಿ ಅದು ಅದೇ ಆಟ, ನಡುವೆ ಆರು ದಿನ ಉಂಡು ಮಲಗಿದಿರಿ ಅಷ್ಟೇ. ಸೋತಾಗ ಪಣ ಡಬಲ್ ಮಾಡುತ್ತಾ ಹೋಗುವವರಂತೂ, ನೂರರಿಂದ ಶುರು ಮಾಡಿ ಹತ್ತು ಸಲ ಸೋತರೆ ಹನ್ನೊಂದನೇ ಸಲಕ್ಕೆ 1,02,400 ರೂಪಾಯಿ ಇಡಬೇಕು. ಗೆದ್ದರೆ ಸಿಗುವ ಲಾಭ ನೂರು.

ಈಗ ಕಾನೂನಿಗೆ ಬರುತ್ತೇನೆ, ಯಾಕೆಂದರೆ ಕೋರ್ಟುಗಳು ದಶಕಗಳಿಂದ ಜಗಳವಾಡಿದ್ದೂ ಇದೇ ಅರವತ್ತು ರೂಪಾಯಿ, ಸಾವಿರ ರೂಪಾಯಿ ವಿಷಯಕ್ಕೆ, ಜಾಣತನವಾ ಅದೃಷ್ಟವಾ ಅಂತ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಅಂದಿತು, ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಎಸೆಯಬೇಕು ತಿಳಿದಿರಬೇಕು ಅಂತ. ಮೂರೆಲೆಯ ಆಟವನ್ನು ಬರೀ ಅದೃಷ್ಟದ ಕಡೆ ತಳ್ಳಿತು. ಪೋಕರಿನ ಗತಿ? ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೌಶಲದ ಕಡೆ ವಾಲಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಜೂಜು ಅಂದಿತು. ನನಗನ್ನಿಸುವುದು, ಇಬ್ಬರೂ ಸರಿಯೇ, ಕೈಗಡಿಯಾರ ಬೇರೆ ಬೇರೆ. ಒಂದು ರಾತ್ರಿ ನೋಡಿದರೆ ಪೋಕರ್ ಜೂಜೇ. ಹತ್ತು ಸಾವಿರ ಆಟ ನೋಡಿದರೆ ಕೌಶಲ ಮೆಲ್ಲಗೆ ತಲೆ ಎತ್ತುತ್ತದೆ. ವಕೀಲರು ಹತ್ತು ಸಾವಿರ ಆಟದ ಬಗ್ಗೆ ವಾದಿಸುತ್ತಾರೆ, ಸಂಬಳದ ದಿನ ಫೋನ್ ಹಿಡಿದವನು ಆಡುವುದು ಆ ಒಂದು ರಾತ್ರಿ.

ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಆಟ ನಿಲ್ಲಿಸಲು ನೋಡಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗವನ್ನು ಹೊಡೆದುಹಾಕಿತು. 2025ರ ಕೇಂದ್ರ ಕಾನೂನು ಈ ಕೌಶಲ, ಅದೃಷ್ಟದ ವಾದಕ್ಕೇ ಹೋಗುವುದಿಲ್ಲ. ಗೆಲ್ಲುವ ಆಸೆಯಿಂದ ಆನ್‌ಲೈನಿನಲ್ಲಿ ದುಡ್ಡು ಇಟ್ಟರೆ ಸಾಕು, ಅದು ನಿಷಿದ್ಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಆಡುವವನಿಗೆ ಶಿಕ್ಷೆ ಇಲ್ಲ. ಕಾನೂನನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ.

ನಾನು ಪೋಕರ್ ಆಡುವವನು, ನಿಷೇಧ ಕಂಡರೆ ಬೇಜಾರಾಗಬೇಕು. ಆದರೆ ಫೋನಿನ ಆಟಕ್ಕೂ ಜಗಲಿಯ ಆಟಕ್ಕೂ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ಅಲ್ಲಿ ಒಂದು ಮೇಜಿನಲ್ಲೇ ಗಂಟೆಗೆ 60, 70 ಆಟ. ನಾಲ್ಕು ಮೇಜು ಒಟ್ಟಿಗೆ ತೆರೆಯಬಹುದು. ನಮ್ಮ ಒಂದೂವರೆ ವರ್ಷದ ಏಳುಬೀಳು ಅವನಿಗೆ ಒಂದು ವಾರದಲ್ಲಿ ಮುಗಿಯುತ್ತದೆ, ಐದು ಶನಿವಾರದ ಸೋಲು ಒಂದು ಮಧ್ಯಾಹ್ನದಲ್ಲಿ. ಪ್ರತಿ ಆಟದಿಂದ ಕಂಪನಿ ತನ್ನ ಪಾಲು ಕತ್ತರಿಸಿಕೊಳ್ಳುತ್ತದೆ, ಯಾರು ಗೆದ್ದರೂ. ಸಾಲದ್ದಕ್ಕೆ ಅಲ್ಲಿ "ತಲೆ ಕೆಟ್ಟಿದೆ, ಬಿಡು ಅಣ್ಣಾ" ಅನ್ನುವವರಿಲ್ಲ. ಕುಶಾಲನಗರದ ಕಡೆ ನನಗೆ ಗೊತ್ತಿರುವ ಒಬ್ಬ ಹುಡುಗ, ರೆಸಾರ್ಟಿನಲ್ಲಿ ಕೆಲಸ, ರಮ್ಮಿ ಆ್ಯಪ್ ಒಂದರಲ್ಲಿ ಬೈಕಿನ ಕಂತು ಕಳೆದ. ಅದನ್ನು ವಾಪಸ್ ತರಲು ಮುಂದಿನ ಕಂತು. ಸೋತು ಫೋನ್ ಕೆಳಗಿಟ್ಟಾಗಲೆಲ್ಲ ಆ್ಯಪಿನಿಂದ ಬೋನಸ್ ಕೊಡ್ತೀವಿ ಬನ್ನಿ ಅಂತ ಮೆಸೇಜು ಬರುತ್ತಿತ್ತಂತೆ. ಕೊಂಬೆ ಬಿದ್ದು ಆಟ ನಿಲ್ಲುವುದು ಹಾಗಿರಲಿ, ನಿಂತ ಆಟಕ್ಕೆ ಅವರೇ ಬಂದು ದೀಪ ಹಚ್ಚುತ್ತಿದ್ದರು. ಈಗ ಆ ಆ್ಯಪ್ ಇಲ್ಲ. ವಿದೇಶದಿಂದ ಕದ್ದು ನಡೆಯುವ ಸೈಟುಗಳ ಲಿಂಕು ಯಾರೋ ಕಳಿಸುತ್ತಾರೆ ಅಂದ. ಅಲ್ಲಿ ಗೆದ್ದರೂ ದುಡ್ಡು ಕೈಗೆ ಬರುವ ಖಾತ್ರಿ ಇಲ್ಲ, ದೂರಲು ಯಾರೂ ಇಲ್ಲ. ಕಾನೂನು ಮಾಡಿದವರು ಆ ಬಾಗಿಲನ್ನು ಹೇಗೆ ಮುಚ್ಚುತ್ತಾರೆ ಅನ್ನುವುದೇ ನನ್ನ ಅನುಮಾನ.

ಹಾಗಾದರೆ ಏಳುವುದು ಯಾವಾಗ? ನನ್ನ ಉತ್ತರ: ಕೂರುವ ಮೊದಲೇ ಹೇಳಿದ ಹೊತ್ತಿಗೆ, ಮತ್ತು ಎಲೆ ನೋಡದೆ. ತಂದ ಸಾವಿರ ಮುಗಿದರೆ, ನಿದ್ದೆ ಎಳೆದರೆ, ಮೂರನೇ ಪೆಗ್ಗಿಗೆ ಕೈ ಹೋದರೆ, ಎದುರಿನವನ ಮೇಲೆ ಸಿಟ್ಟು ಬಂದು ಅವನನ್ನೇ ಸೋಲಿಸಬೇಕು ಅನ್ನಿಸಿದರೆ, ಮೇಜಿನಲ್ಲಿ ನನಗಿಂತ ಚೆನ್ನಾಗಿ ಆಡುವವರೇ ಉಳಿದಿದ್ದರೆ. ಇವೆಲ್ಲ ನಿಜವಾದ ಕಾರಣ. ಗೆದ್ದೆ, ಸೋತೆ ಅನ್ನುವುದು ಈ ಪಟ್ಟಿಯಲ್ಲಿಲ್ಲ.

ಕಾಫಿ ಮಾರುವುದರಲ್ಲಿ ಇದನ್ನು ನಾವು ಸ್ವಲ್ಪ ಕಲಿತಿದ್ದೇವೆ ಅನ್ನಿಸುತ್ತದೆ. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆಜಿ ಮೂಟೆಗೆ 10 ಸಾವಿರ ದಾಟಿದಾಗ ಗೋಣಿಕೊಪ್ಪದ ಪ್ರತಿ ಹೋಟೆಲಿನಲ್ಲೂ ಇದೇ ಚರ್ಚೆ, ಕೊಡೋದಾ, ಇಡೋದಾ. ಎಷ್ಟೋ ಜನ ಅದಕ್ಕಿಂತ ಬಹಳ ಕಡಿಮೆಗೇ ಕೊಟ್ಟು ಕೈ ಹಿಸುಕಿಕೊಂಡಿದ್ದರು. ಅದೇ ಬೇಜಾರಿಗೆ ಮುಂದಿನ ಫಸಲನ್ನು ಕೊಡದೆ ಗೋಡೌನಿನಲ್ಲಿ ಇಟ್ಟವರೂ ಇದ್ದಾರೆ. ನಮ್ಮಪ್ಪ ಕೊಯ್ಲು ಶುರುವಾಗುವ ಮೊದಲೇ ಹೇಳಿಬಿಡುತ್ತಾರೆ, ಮೂರರಲ್ಲಿ ಒಂದು ಪಾಲು ಕಣದಿಂದಲೇ, ಒಂದು ಪಾಲು ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ, ಉಳಿದದ್ದು ಮಳೆಗಾಲಕ್ಕೆ ಮುಂಚೆ. ಬೆಲೆ ಏರಿದರೂ ಅಷ್ಟೇ, ಬಿದ್ದರೂ ಅಷ್ಟೇ. ಯಾವತ್ತೂ ಅತಿ ಹೆಚ್ಚಿನ ಬೆಲೆ ಸಿಕ್ಕಿಲ್ಲ ಅವರಿಗೆ. ರಾತ್ರಿ ನಿದ್ದೆ ಬರುತ್ತದೆ. ಬೆಲೆಗಾದರೂ ವಿಯೆಟ್ನಾಮಿನ ಬರ, ಬ್ರೆಜಿಲ್‌ನ ಹವಾಮಾನ ಅಂತ ಕಾರಣಗಳಿವೆ, ಎಲೆಗೆ ಅದೂ ಇಲ್ಲ. ಆದರೂ ಅಪ್ಪನ ಈ ಪದ್ಧತಿಯನ್ನು ಪೋಕರಿಗೆ ಹಚ್ಚಲು ನನಗೆ ಇಷ್ಟು ವರ್ಷ ಬೇಕಾಯಿತು.

ಒಂದು ತೊಡಕಿದೆ. ಹನ್ನೊಂದಕ್ಕೆ ಏಳುತ್ತೇನೆ ಅಂತ ಏಳು ಗಂಟೆಗೆ ಹೇಳಿದವನು ಬೇರೆ, ಹನ್ನೊಂದಕ್ಕೆ ಎಂಟುನೂರು ಸೋತು ಕೂತವನು ಬೇರೆ. ಎರಡನೆಯವನ ಕೈಗೆ ಗಡಿಯಾರ ಕೊಡಬಾರದು. ಎರಡು ವರ್ಷದ ಹಿಂದೆ ನಮ್ಮ ಗೆಳೆಯ ಜಗಲಿಗೆ ಇನ್ವರ್ಟರ್ ಹಾಕಿಸಿದಾಗಿನಿಂದ ಪುಸ್ತಕದಲ್ಲಿ ಕ.ಹೋ. ಅನ್ನುವುದೇ ನಿಂತುಹೋಗಿದೆ, ನನ್ನ ನಷ್ಟದ ಚೌಕಗಳು ದಪ್ಪವಾಗಿವೆ. ಇದನ್ನು ಅವನಿಗೆ ತೋರಿಸಿದೆ. ಅವನ ಸಾಲೂ ಹಾಗೇ ಇತ್ತು. ಇಬ್ಬರೂ ಸೇರಿ ಅವನ ಅವ್ವನ ಹತ್ತಿರ ಹೋಗಿ ವಿಷಯ ಹೇಳಿದೆವು. ಅವರಿಗೆ ಪೋಕರ್ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಈಗ ಹನ್ನೊಂದಕ್ಕೆ ಸರಿಯಾಗಿ ಒಳಗಿನಿಂದ ಚಪ್ಪಲಿ ಸದ್ದು ಕೇಳುತ್ತದೆ. "ಅವ್ವಾ, ಇನ್ನೊಂದೇ ಆಟ" ಅಂತ ಯಾರಾದರೂ ಕೂಗುತ್ತಾರೆ, ಹೋದ ವಾರ ನಾನೇ ಕೂಗಿದೆ, ಕೈಯಲ್ಲಿ ರಾಣಿಯ ಜೋಡಿ ಇತ್ತು. ಅವರು ಉತ್ತರ ಕೊಡಲಿಲ್ಲ. ಟಕ್ ಅಂತ ಸ್ವಿಚ್ಚಿನ ಸದ್ದು ಬಂತು, ಆರು ಜನ ಕತ್ತಲೆಯಲ್ಲಿ ಚಪ್ಪಲಿ ಹುಡುಕತೊಡಗಿದೆವು.